ಬಳ್ಳಾರಿಯ ಮಕ್ಕಳ ಆಟದ ಸೆಂಟರ್: ತಮ್ಮನಿಗೆ 5 ಸ್ಟಾರ್, ಅಕ್ಕನಿಗೆ 2

ಮೇ ತಿಂಗಳು, ಬಳ್ಳಾರಿ ಬಿಸಿಲು, ಮನೆಯಲ್ಲಿ ಇಬ್ಬರು ಮಕ್ಕಳು. ಎ.ಸಿ. ಇದೆ ಅನ್ನುವ ಒಂದೇ ಕಾರಣಕ್ಕೆ ಹೋದೆವು. ಸೆಂಟರ್ ಹೆಸರು ಬೇಡ, ಅಲ್ಲಿ ಕೆಲಸ ಮಾಡುವ ಹುಡುಗರು ತುಂಬಾ ಒಳ್ಳೆಯವರು.

ಗಂಟೆಗೆ ತಲಾ 350 ರೂಪಾಯಿ. ಸಾಕ್ಸ್‌ಗೆ ಬೇರೆ 50, ಮನೆಯಿಂದ ತಂದದ್ದು ನಡೆಯುವುದಿಲ್ಲ. ಇದು ಸುಮ್ನೆ ಸುಲಿಗೆ.

ಏಳು ವರ್ಷದ ಮಗ ಬಾಲ್‌ಗಳ ತೊಟ್ಟಿಗೆ ಬಿದ್ದವನು ಗಂಟೆಯವರೆಗೆ ಕಾಣಲೇ ಇಲ್ಲ. ಹೊರಗೆ ಬಂದಾಗ ಮೈಯೆಲ್ಲ ಬೆವರು, ಕಾಲಲ್ಲಿ ಒಂದೇ ಸಾಕ್ಸ್. ಅವನ ಮಟ್ಟಿಗೆ ಜಾಗ ಸೂಪರ್. ಮೂಲೆಗಳಿಗೆಲ್ಲ ಸ್ಪಂಜು ಹಾಕಿದ್ದಾರೆ, ಚಿಕ್ಕವರ ಮೇಲೆ ಒಬ್ಬರು ಕಣ್ಣಿಟ್ಟಿರುತ್ತಾರೆ.

ಹದಿನಾಲ್ಕರ ಮಗಳ ಕಥೆ ಬೇರೆ. ಟ್ರ್ಯಾಂಪೊಲಿನ್ ಮೇಲೆ ಎರಡು ಸಲ ಹಾರಿದಳು, "ಎಲ್ಲರೂ ನನ್ನನ್ನೇ ನೋಡ್ತಾರೆ ಮಮ್ಮಿ" ಅಂತ ಇಳಿದು ಬಂದು ಮೊಬೈಲ್ ಹಿಡಿದಳು. ಮೂರು ವರ್ಷದ ಹಿಂದೆ ಇಂಥದ್ದೇ ಜಾಗದಿಂದ ಇವಳನ್ನು ಕೈ ಹಿಡಿದು ಎಳೆದುಕೊಂಡು ಬರಬೇಕಾಗಿತ್ತು! ದೊಡ್ಡ ಮಕ್ಕಳಿಗೆ ಏನಿದೆ ಅಂತ ಕೌಂಟರಿನಲ್ಲಿ ಕೇಳಿದರೆ ಆ ಹುಡುಗ ಅಪ್ಪ ಅಮ್ಮಂದಿರು ಕೂರುವ ಕುರ್ಚಿ ತೋರಿಸಿದ. ಟಿಕೆಟ್ ಮಾತ್ರ ಪೂರ್ತಿ.

ಆಮೇಲೆ ಬಂಡಿ ಹತ್ತಿರ ಒಗ್ಗರಣೆ ಮಿರ್ಚಿ ತಿನ್ನುತ್ತಾ ಇಬ್ಬರಿಗೂ ಒಂದು ಪ್ರಶ್ನೆ ಹಾಕಿದೆ. ಹತ್ತು ಮೆಟ್ಟಿಲ ಏಣಿ, ಮೇಲಿನದು ತುಂಬಾ ಒಳ್ಳೆ ಬದುಕು, ನೀನು ಎಷ್ಟನೇ ಮೆಟ್ಟಿಲಲ್ಲಿದ್ದೀಯ? ಮಗ "ಹನ್ನೊಂದು" ಅಂದ. ಮಗಳು ಸ್ವಲ್ಪ ಯೋಚಿಸಿ "ಆರು" ಅಂದಳು. ಯಾಕೆ ಅಂದರೆ ಜೂನ್‌ಗೆ ಹತ್ತನೇ ಕ್ಲಾಸ್, ಎರಡು ಟ್ಯೂಷನ್, ಮುಖದ ಮೊಡವೆ, ಜೀವದ ಗೆಳತಿ ಬೇರೆ ಸೆಕ್ಷನ್‌ಗೆ ಹೋದದ್ದು, ಎಲ್ಲ ಒಂದೇ ಉಸಿರಲ್ಲಿ ಬಂತು. ಮಿರ್ಚಿ ತಣ್ಣಗಾಯಿತು.

ಈ ಏಣಿ ನನ್ನ ಸ್ವಂತದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಸಂಶೋಧಕರು ಯುರೋಪ್, ಕೆನಡಾ ಕಡೆ ನಾಲ್ಕು ವರ್ಷಕ್ಕೊಮ್ಮೆ 11, 13, 15 ವರ್ಷದ ಮಕ್ಕಳಿಗೆ ಇದನ್ನೇ ಕೇಳುತ್ತಾರೆ. ವಯಸ್ಸು ಏರಿದ ಹಾಗೆ ಮೆಟ್ಟಿಲು ಇಳಿಯುತ್ತದೆ, ಹೆಣ್ಣುಮಕ್ಕಳಲ್ಲಿ ಜಾಸ್ತಿ. ಹಲವು ದೇಶಗಳ ಮಕ್ಕಳ ಕಲಿಕೆ ಅಳೆಯುವ ಪಿಸಾ ಸಮೀಕ್ಷೆಯಲ್ಲೂ 2018ರಲ್ಲಿ 15 ವರ್ಷದವರಿಗೆ ಬದುಕು ಎಷ್ಟು ತೃಪ್ತಿ ಅಂತ ಹತ್ತರವರೆಗಿನ ಅಂಕದಲ್ಲಿ ಕೇಳಿದ್ದರು, ಓಇಸಿಡಿ ಅನ್ನುವ ಬಹುಪಾಲು ಶ್ರೀಮಂತ ದೇಶಗಳ ಕೂಟದ ಸರಾಸರಿ 7ರ ಆಸುಪಾಸು. ಎರಡರಲ್ಲೂ ನಮ್ಮ ದೇಶ ಇರಲಿಲ್ಲ, ಆದರೂ ಮಗಳ "ಆರು" ಕೇಳಿ ನಾನು ಗಾಬರಿಯಾಗದೆ ಇದ್ದದ್ದು ಇದನ್ನು ಓದಿದ್ದಕ್ಕೇ. ಹಾಗಂತ ವಯಸ್ಸಿನ ಆಟ ಅಂತ ಸುಮ್ಮನಿರೋಕೂ ಆಗಲ್ಲ ಅಲ್ವಾ, ಒಂದು ಟ್ಯೂಷನ್ ಬಿಡಿಸಿದ್ದೇನೆ.

ಸೆಂಟರಿನವರೇ, ಮೂಲೆಯಲ್ಲಿ ಒಂದು ಕೇರಂ ಬೋರ್ಡ್ ಇಡಿ, ಚಿಕ್ಕವರ ಕಣ್ಣಿಗೆ ಬೀಳದ ನಾಲ್ಕು ಕುರ್ಚಿ ಹಾಕಿ. ಹತ್ತು ವರ್ಷದೊಳಗಿನವರನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ದೊಡ್ಡ ಮಕ್ಕಳಿಗೆ ಟಿಕೆಟ್ ತೆಗೆಯಬೇಡಿ, ಆ 350ರಲ್ಲಿ ಗೆಳತಿಯನ್ನೂ ಕರೆದು ಹೊಟ್ಟೆ ತುಂಬ ಮಿರ್ಚಿ ಕೊಡಿಸಬಹುದು.