ಮನೆಯಲ್ಲೇ ಟಾರ್ಚ್ ಕಟ್ಟುವವರೇ, ಒಳಗಿರುವ ಎರಡು ಸೆಲ್‌ಗಳನ್ನು ಒಮ್ಮೆ ಅಳೆದು ನೋಡಿ

ನಮ್ಮಲ್ಲಿ ಪಂಪಿಗೆ ತ್ರೀ ಫೇಸ್ ವಿದ್ಯುತ್ ಬರುವುದು ಹೆಚ್ಚಾಗಿ ರಾತ್ರಿ. ಅಡಿಕೆ ತೋಟಕ್ಕೆ ನೀರು ಬಿಡಲು ಅಪ್ಪಯ್ಯ ಹನ್ನೊಂದಕ್ಕೆ ಎದ್ದು ಹೋಗುತ್ತಾರೆ. ಹಾವಿನ ಭಯ, ಹಂದಿಯ ಭಯ ಎರಡೂ ಇವೆ. ಅಂಗಡಿಯ ಟಾರ್ಚಿನ ಬೆಳಕು ನಾಲ್ಕು ಮರದಾಚೆ ಹೋಗುತ್ತಿರಲಿಲ್ಲ. ಹಾಗಾಗಿ ನಾನೇ ಒಂದು ಕಟ್ಟಿದೆ: ತಾಮ್ರದ ಬಿಲ್ಲೆಯ ಮೇಲೆ ಸಮಾನಾಂತರವಾಗಿ ಮೂರು ಎಕ್ಸ್‌ಎಂ-ಎಲ್2 ಮಾದರಿಯ ಎಲ್‌ಇಡಿ, 6 ಆಂಪಿಯರಿನ ಬಕ್ ಡ್ರೈವರ್ (ಬ್ಯಾಟರಿಯ ವೋಲ್ಟೇಜ್ ಇಳಿಸಿ ಬೇಕಾದಷ್ಟೇ ಕರೆಂಟ್ ಕೊಡುವ ಸರ್ಕ್ಯೂಟ್), ಅಲ್ಯುಮಿನಿಯಂ ಕೊಳವೆಯಲ್ಲಿ ಒಂದರ ಹಿಂದೊಂದು ಎರಡು 18650 ಸೆಲ್ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ ಅಯಾನ್ ಸೆಲ್). ಬೆಳಕು ತೋಟದ ಕೊನೆಯ ಬೇಲಿ ಮುಟ್ಟಿತು. ಚಿಕ್ಕಪ್ಪನಿಗೂ ಪಕ್ಕದ ಮನೆಯವರಿಗೂ ಒಂದೊಂದು ಕಟ್ಟಿಕೊಟ್ಟೆ.

ಎರಡು ವಾರ ಕಳೆದಿತ್ತು. ಪಂಪ್ ಚಾಲೂ ಮಾಡಿ ಹಿಂದಿರುಗುವಾಗ ಅಪ್ಪಯ್ಯ, "ಬೆಳಕು ಮಂಕಾಯಿತಲ್ಲ, ಹಿಡಿಯಲಾಗದಷ್ಟು ಬಿಸಿಯೂ ಆಗಿದೆ" ಎಂದರು. ಕೊಳವೆಯೊಳಗೆ ಕುಕ್ಕರ್ ಕೂಗುವ ಮೊದಲು ಕೇಳುವಂಥ ಸುಯ್ ಸದ್ದು. ಉಗುರುಬಣ್ಣ ತೆಗೆಯುವ ದ್ರವದಂಥ ಸಿಹಿ ವಾಸನೆ. "ಎಸೆಯಿರಿ ಅಪ್ಪಯ್ಯ!" ಎಂದು ಕೂಗಿದೆ. ಟಾರ್ಚ್ ಬಸಿಗಾಲುವೆಯ ದಂಡೆಗೆ ಬಿದ್ದ ಮರುಕ್ಷಣ ಹಿಂದಿನ ಮುಚ್ಚಳ ಸಿಡಿದು ಅಡಿಕೆ ಮರಕ್ಕೆ ಬಡಿಯಿತು. ಅದು ಬಡಿದ ಜಾಗದಲ್ಲಿ ತೊಗಟೆ ಒಂದು ರೂಪಾಯಿ ನಾಣ್ಯದಷ್ಟು ಕಿತ್ತು ಹೋಗಿದೆ. ಈ ಸೆಲ್‌ಗಳ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಇರುತ್ತದೆ, ಆದ್ದರಿಂದ ಅವರನ್ನು ಎಳೆದುಕೊಂಡೇ ದೂರ ಓಡಿದೆ. ಅವರ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ತಪ್ಪು ನನ್ನದೇ. ಮನೆಯಲ್ಲಿ ಒಳ್ಳೆಯ ಸೆಲ್ ಮೂರೇ ಇದ್ದವು. ಉಳಿದ ಮೂರನ್ನು 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಅಚ್ಚಾದ ಅಗ್ಗದ ಮಾಲಿನಿಂದ ತುಂಬಿಸಿ, ಪ್ರತಿ ಟಾರ್ಚಿಗೂ ಒಳ್ಳೆಯದೊಂದು, ಅಗ್ಗದ್ದೊಂದು ಹಾಕಿದ್ದೆ. ಈ ಗಾತ್ರದಲ್ಲಿ ನಂಬಬಹುದಾದ ಸೆಲ್‌ಗಳು 3500ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ಆಮೇಲೆ ತೂಗಿಸಿದಾಗ ಒಳ್ಳೆಯದು 46 ಗ್ರಾಂ, 9900ರದ್ದು 33 ಗ್ರಾಂ. ಕೊಳ್ಳುವ ದಿನವೇ ತೂಗಿದ್ದರೆ ಸಾಕಿತ್ತು.

ಸರಣಿಯಲ್ಲಿ ಜೋಡಿಸಿದಾಗ ಎರಡೂ ಸೆಲ್‌ಗಳ ಮೂಲಕ ಹರಿಯುವ ಕರೆಂಟ್ ಒಂದೇ. ದುರ್ಬಲವಾದದ್ದು ಮೊದಲು ಬರಿದಾಗುತ್ತದೆ, ಗಟ್ಟಿಯಾದದ್ದು ಅದರೊಳಗೆ ಕರೆಂಟ್ ನುಗ್ಗಿಸುತ್ತಲೇ ಇರುತ್ತದೆ. ಕೊನೆಗೆ ಅದರ ಧ್ರುವಗಳೇ ತಿರುವುಮುರುವಾಗಿ, ಸೆಲ್ ಕಾದು ಅನಿಲ ಉಗುಳಬಹುದು. ಡ್ರೈವರ್ ಇದನ್ನು ತಡೆಯುವುದಿಲ್ಲ. ಅದಕ್ಕೆ ಕಾಣುವುದು ಒಟ್ಟು ವೋಲ್ಟೇಜ್ ಮಾತ್ರ. 3ರಿಂದ 18 ವೋಲ್ಟ್‌ವರೆಗೂ ಓಡುತ್ತದೆ ಎಂದು ಬರೆದಿದ್ದ ಡ್ರೈವರನ್ನು ನಾನು ಹೆಚ್ಚುಗಾರಿಕೆ ಎಂದೇ ಕೊಂಡಿದ್ದೆ. ಕೆಟ್ಟ ಸೆಲ್ ಸೊನ್ನೆಗೆ ಇಳಿದರೂ ಒಳ್ಳೆಯದರ 3.6 ವೋಲ್ಟ್ ಸಾಕಲ್ಲ, ಎಲ್‌ಇಡಿ ಉರಿಯುತ್ತಲೇ ಇತ್ತು! ಸಾಲದ್ದಕ್ಕೆ ಬಕ್ ಡ್ರೈವರ್ ಬೆಳಕನ್ನು ಒಂದೇ ಸಮ ಇಡಲು, ವೋಲ್ಟೇಜ್ ಇಳಿದಂತೆ ಬ್ಯಾಟರಿಯಿಂದ ಹೆಚ್ಚು ಕರೆಂಟ್ ಎಳೆಯುತ್ತದೆ. 7.4 ವೋಲ್ಟ್ ಇದ್ದಾಗ ಸುಮಾರು 2.8 ಆಂಪಿಯರ್ ಎಳೆದದ್ದು 5 ವೋಲ್ಟಿಗೆ ಇಳಿದಾಗ 4 ದಾಟುತ್ತದೆ. ಸೋತ ಸೆಲ್ಲಿಗೆ ಸೋತ ಹೊತ್ತಿನಲ್ಲೇ ಹೆಚ್ಚು ಹೊರೆ. ಅನಿಲ ಹೊರಹೋಗಲು ದಾರಿಯಿಲ್ಲದ ನೀರುಬಿಗಿ ಕೊಳವೆ ಬೇರೆ.

ಈಗ ನಾನು ಕಟ್ಟುವುದು ಒಂದೇ ಸೆಲ್ಲಿನ ಟಾರ್ಚ್: 18650ಕ್ಕಿಂತ ತುಸು ದೊಡ್ಡದಾದ 21700 ಗಾತ್ರದ್ದು, ಲೀನಿಯರ್ ಡ್ರೈವರ್ (ವೋಲ್ಟೇಜ್ ಇಳಿದಂತೆ ಹೆಚ್ಚು ಕರೆಂಟ್ ಎಳೆಯದ ಸರಳ ಬಗೆ), 3 ವೋಲ್ಟಿಗೆ ತಾನೇ ಆರಬೇಕು. 5000 ಎಂಎಎಚ್ ಸೆಲ್‌ನಲ್ಲಿ 3 ಆಂಪಿಯರ್ ಎಳೆದರೆ ಒಂದೂವರೆ ಗಂಟೆ ಉರಿಯುತ್ತದೆ, ನೀರು ಬಿಟ್ಟು ಬರಲು ಅಷ್ಟು ಸಾಕು. ಸರಣಿಯಲ್ಲಿ ಎರಡು ಬೇಕೇ ಬೇಕೆಂದರೆ ಒಂದೇ ಮಾದರಿಯ ಹೊಸ ಸೆಲ್‌ಗಳನ್ನು ಒಟ್ಟಿಗೇ ಕೊಂಡು ಜೋಡಿಯಾಗಿಯೇ ಇಡಿ. ಒಟ್ಟು ವೋಲ್ಟೇಜ್ 6ಕ್ಕಿಂತ ಕೆಳಗಿಳಿದರೆ ಟಾರ್ಚನ್ನು ತಾನೇ ಆರಿಸುವ ಡ್ರೈವರನ್ನೇ ಕೊಳ್ಳಿ. ಅದೂ ಒಂದೊಂದು ಸೆಲ್ಲನ್ನು ಬೇರೆಬೇರೆಯಾಗಿ ನೋಡುವುದಿಲ್ಲ, ಹಾಗಾಗಿ ಪ್ರತಿ ಸಲ ಚಾರ್ಜ್ ಮಾಡುವ ಮುನ್ನ ಎರಡನ್ನೂ ಮಲ್ಟಿಮೀಟರಿನಲ್ಲಿ ಅಳೆಯಿರಿ.

ಮರುದಿನ ಬೆಳಿಗ್ಗೆಯೇ ಹೋಗಿ ಉಳಿದೆರಡು ಟಾರ್ಚುಗಳನ್ನು ವಾಪಸ್ ತಂದೆ. ಚಿಕ್ಕಪ್ಪನದನ್ನು ಬಿಚ್ಚಿ ಅಳೆದರೆ ಒಂದು ಸೆಲ್ 3.81 ವೋಲ್ಟ್, ಇನ್ನೊಂದು 1.94. ಅವರು ಆ ರಾತ್ರಿಯೂ ಅದನ್ನು ಹಿಡಿದು ತೋಟಕ್ಕೆ ಹೋಗುವವರಿದ್ದರು.