ಪಾಲ್ಬೊಸಿಕ್ಲಿಬ್, ರೈಬೊಸಿಕ್ಲಿಬ್, ಅಬೆಮಾಸಿಕ್ಲಿಬ್: ಅಮ್ಮನಿಗೆ ಯಾವುದು?

ಅಮ್ಮನ ಸ್ತನ ಕ್ಯಾನ್ಸರ್ ರಿಪೋರ್ಟ್‌ನಲ್ಲಿ ಇಆರ್ ಪಾಸಿಟಿವ್ (ಗಡ್ಡೆಯಲ್ಲಿ ಈಸ್ಟ್ರೋಜನ್ ರಿಸೆಪ್ಟರ್ ಇದೆ), ಹರ್2 ನೆಗೆಟಿವ್ (ಹರ್2 ಪ್ರೋಟೀನ್ ಹೆಚ್ಚಿಲ್ಲ), ಮೂಳೆಗೂ ಹಬ್ಬಿದೆ, ಈ ಮೂರು ಮಾತ್ರೆಗಳಲ್ಲಿ ಯಾವುದು ಅಂತ ಕೇಳಿದಿರಿ. ಇಂಥ ಗಡ್ಡೆಯಲ್ಲಿ ಈಸ್ಟ್ರೋಜನ್ ರಿಸೆಪ್ಟರ್, ಅಂದರೆ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನ್, ಸೈಕ್ಲಿನ್ ಡಿ ಎಂಬ ಇನ್ನೊಂದು ಪ್ರೋಟೀನನ್ನು ಹೆಚ್ಚಿಸುತ್ತದೆ. ಅದು ಸಿಡಿಕೆ4, ಸಿಡಿಕೆ6 ಎಂಬ ಕಿಣ್ವಗಳ ಜೊತೆ ಸೇರಿ ಕೋಶ ವಿಭಜನೆಯಾಗದಂತೆ ತಡೆಯುವ ಬ್ರೇಕನ್ನೇ ಸಡಿಲಿಸುತ್ತದೆ. ಮೂರೂ ಮಾತ್ರೆ ಇದನ್ನು ತಡೆಯುತ್ತವೆ, ಹಾರ್ಮೋನ್ ಚಿಕಿತ್ಸೆಯ ಜೊತೆಗೆ.

ಖರ್ಚೇ ದೊಡ್ಡ ಚಿಂತೆಯಾದರೆ ಪಾಲ್ಬೊ. 2023ರಲ್ಲಿ ಭಾರತದಲ್ಲಿ ಪೇಟೆಂಟ್ ಮುಗಿದು ಜನರಿಕ್ ಬಂದಿದೆ. ಬಿಳಿ ರಕ್ತಕಣ ಇಳಿಯುತ್ತದೆ, ರಕ್ತಪರೀಕ್ಷೆ ತಪ್ಪಿಸಬೇಡಿ.

ಮೊದಲ ಚಿಕಿತ್ಸೆಯಾಗಿ ಆಯಸ್ಸು ಹೆಚ್ಚಿಸಿದ್ದಕ್ಕೆ ರೈಬೊಗೆ ಪುರಾವೆ ಜಾಸ್ತಿ. ಹೃದಯ ಸರಿಯಿದ್ದರೆ ನಾನು ಮೊದಲು ಕೇಳುವುದು ಇದನ್ನೇ. ಆದರೆ ಇಸಿಜಿಯಲ್ಲಿ ಕ್ಯೂಟಿ (ಪ್ರತಿ ಬಡಿತಕ್ಕೆ ಹೃದಯದ ವಿದ್ಯುತ್ ಚಟುವಟಿಕೆ ಹಿಡಿಯುವ ಅವಧಿ) ಉದ್ದವಿದ್ದರೆ ಬೇಡ.

ಅಬೆಮಾ ದಿನಕ್ಕೆರಡು ಸಲ, ಬಿಡುವಿಲ್ಲದೆ. ಉಳಿದೆರಡಕ್ಕೆ 21 ದಿನದ ನಂತರ ವಾರ ರಜೆ. ರಕ್ತಕಣ ಬೇಗ ಇಳಿಯುವವರಿಗೆ ಅಬೆಮಾ ಹೊಂದಬಹುದು, ಆದರೆ ಭೇದಿ ಕಾಡುತ್ತದೆ. ಅಮ್ಮನಿಗೆ ಮೊದಲೇ ಹೊಟ್ಟೆ ಸೂಕ್ಷ್ಮ ಅಲ್ವಾ, ಡಾಕ್ಟರಿಗೆ ಹೇಳಿಬಿಡಿ.