ಬೀಳದಿರೋಕೆ ತಾಯ್ ಚಿ, ಬೀಳೋಕೆ ಜೂಡೋ: ಎರಡನ್ನೂ ಕಲಿತು ನೋಡಿದೆ

ಹೋದ ವರ್ಷ ಬಚ್ಚಲಲ್ಲಿ ಕಾಲು ಜಾರಿತು. ಟವೆಲ್ ಹಾಕುವ ಕಂಬಿ ಹಿಡಿದರೆ ಅದೇ ಕಿತ್ತು ಕೈಗೆ ಬಂತು. ಪುಣ್ಯಕ್ಕೆ ಗೋಡೆಗೆ ಒರಗಿ ಕೂತುಬಿಟ್ಟೆ. ನನಗೆ 66. ಮನೆಯಲ್ಲಿ ಊರುಗೋಲು ತರೋಣ ಅಂದರು. ನಾನು ತಾಯ್ ಚಿಗೆ ಸೇರಿದೆ; ನಿಧಾನವಾಗಿ ಮೈ ಆಡಿಸುವ ಚೀನಾದ ವ್ಯಾಯಾಮ ಅದು. ಜೊತೆಗೆ ಮೊಮ್ಮಗನ ಜೂಡೋ ಮೇಷ್ಟ್ರ ಹತ್ತಿರ ವಾರಕ್ಕೊಮ್ಮೆ ಬೀಳುವುದನ್ನೂ ಕಲಿತೆ.

ತಾಯ್ ಚಿಯಲ್ಲಿ ಕಲಿತದ್ದು 24 ಭಂಗಿಗಳ ಸರಣಿ. ಚೀನಾದಲ್ಲಿ 1956ರಲ್ಲಿ ಸುಲಭ ಮಾಡಿ ಜೋಡಿಸಿದ್ದು. ಮೊದಲ ತಿಂಗಳು ಬೇಜಾರೋ ಬೇಜಾರು. ಆಮೇಲೆ ಗುಟ್ಟು ತಿಳಿಯಿತು. ಮೈಭಾರವೆಲ್ಲ ಒಂದು ಕಾಲಿಗೆ ಹೋದ ಮೇಲೇ ಇನ್ನೊಂದು ಕಾಲು ಎತ್ತಬೇಕು. ಹಿಮ್ಮಡಿ ಊರಿದ ಮೇಲೇ ಅದಕ್ಕೆ ಭಾರ ಬಿಡಬೇಕು. ಇಷ್ಟು ವರ್ಷ ನಾನು ಪಾದ ಊರುವ ಮೊದಲೇ ಮೈ ಮುಂದಕ್ಕೆ ಚೆಲ್ಲಿ ನಡೆಯುತ್ತಿದ್ದೆ! ನಾಲ್ಕು ತಿಂಗಳಿಗೆ ಗೋಡೆ ಹಿಡಿಯದೆ ನಿಂತು ಪ್ಯಾಂಟ್ ಹಾಕಿಕೊಂಡೆ. ಮಂಡಿ ಜಾಸ್ತಿ ಬಗ್ಗಿಸಿದರೆ ಮಾತ್ರ ನೋವು.

ಜೂಡೋ ಇದಕ್ಕೆ ಪೂರ್ತಿ ಉಲ್ಟಾ. ಜಪಾನಿನ ಕಾನೊ ಜಿಗೊರೊ 1882ರಲ್ಲಿ ಕಟ್ಟಿದ ಈ ಕುಸ್ತಿಯಂಥ ವಿದ್ಯೆಯಲ್ಲಿ ಮೊದಲ ಪಾಠವೇ ಬೀಳುವುದು. ಅದಕ್ಕೆ ಉಕೆಮಿ ಅಂತಾರೆ. ಗದ್ದ ಎದೆಗೆ ಒತ್ತಬೇಕು, ಬೆನ್ನು ದುಂಡಗೆ ಮಾಡಿ ಉರುಳಬೇಕು, ತೋಳಿನಿಂದ ಮ್ಯಾಟ್‌ಗೆ ಪಟ್ ಅಂತ ಹೊಡೆಯಬೇಕು. ಅಂಗೈ ಊರಬಾರದು, ಮಣಿಕಟ್ಟು ಮುರಿಯುವುದೇ ಅಲ್ಲಿ. ನನಗೆ ಕುಕ್ಕರಗಾಲಿನಿಂದ ಮಾತ್ರ ಬೀಳಿಸುತ್ತಿದ್ದರು. ಆದರೂ ಒಂದು ವಾರ ಕುತ್ತಿಗೆ ಹಿಡಿದುಕೊಂಡಿತ್ತು. ಬಚ್ಚಲಲ್ಲಿ ಮ್ಯಾಟ್ ಇರಲ್ಲ, ಟೈಲ್ಸ್ ಇರುತ್ತೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇದೆಲ್ಲ ನೆನಪಾಗುತ್ತಾ? ನನಗಂತೂ ನಂಬಿಕೆ ಬರಲಿಲ್ಲ. ಮೂಳೆ ಸವೆದವರು ಡಾಕ್ಟರನ್ನು ಕೇಳದೆ ಆ ಕಡೆ ತಲೆ ಹಾಕಲೇಬೇಡಿ.

ಒಂದನ್ನೇ ಆರಿಸಿ ಅಂದರೆ ತಾಯ್ ಚಿ. ಇದು ನನ್ನೊಬ್ಬನ ಮಾತಲ್ಲ. ಅಮೆರಿಕದ ಆರೆಗನ್‌ನಲ್ಲಿ 70 ದಾಟಿದ 670 ಜನರ ಮೇಲೆ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅವರೆಲ್ಲ ಬಿದ್ದ ಅನುಭವ ಇದ್ದವರು, ಇಲ್ಲವೇ ನಡಿಗೆಯಲ್ಲಿ ತೊಂದರೆ ಇದ್ದವರು. ವಾರಕ್ಕೆರಡು ಸಲದಂತೆ 24 ವಾರ ತಾಯ್ ಚಿ ಮಾಡಿದವರು, ಸುಮ್ನೆ ಮೈ ಎಳೆದು ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಶೇ. 58ರಷ್ಟು ಕಡಿಮೆ ಬಿದ್ದರು. ಹಲವು ಬಗೆಯ ವ್ಯಾಯಾಮ ಬೆರೆಸಿ ಮಾಡಿದವರಿಗಿಂತಲೂ ಶೇ. 31ರಷ್ಟು ಕಡಿಮೆ.

ಉರುಳುವುದು ಬಿಟ್ಟೆ. ಆದರೆ ಜೂಡೋದ ಒಂದು ಅಭ್ಯಾಸ ಉಳಿಸಿಕೊಂಡಿದ್ದೇನೆ: ನೆಲದಲ್ಲಿ ಅಂಗಾತ ಮಲಗಿ, ಮಗ್ಗುಲಾಗಿ, ಒಂದು ಮಂಡಿ ಊರಿ, ಯಾರ ಕೈಯೂ ಹಿಡಿಯದೆ ಏಳುವುದು. ದಿನಾ ಐದು ಸಲ. ಮೊಮ್ಮಗ ಎಣಿಸುತ್ತಾನೆ, ಮೋಸ ಮಾಡೋಕೆ ಬಿಡಲ್ಲ.